ಐವತ್ತೆರಡು ಪ್ರಶ್ನೆಗಳ ಜ್ವರ

ಪ್ರಶ್ನೆ ಮೂವತ್ತೊಂದು: ಮನೆಯ ಹತ್ತಿರ ಪಾರಿವಾಳಗಳಿವೆಯೇ? ಮುಂಬಯಿಯಲ್ಲಿ ಇದಕ್ಕೆ ಇಲ್ಲ ಎಂದವರನ್ನು ನಾನಿನ್ನೂ ಕಂಡಿಲ್ಲ. ಆದರೂ ಕೇಳಬೇಕು, ಕೇಳಿ ಬರೆದುಕೊಳ್ಳಬೇಕು. ನಾನು ಪರೇಲಿನ ಆಸ್ಪತ್ರೆಯೊಂದರಲ್ಲಿ ಸೋಂಕು ರೋಗಗಳ ತಜ್ಞೆಯಾಗಲು ಕಲಿಯುತ್ತಿದ್ದೇನೆ. ಎಂಬಿಬಿಎಸ್, ಎಂಡಿ ಎಲ್ಲ ಮುಗಿದ ಮೇಲೆ ಮತ್ತೆ ಮೂರು ವರ್ಷ. ದಹಿಸರಿನ ನಮ್ಮ ಬಿಲ್ಡಿಂಗಿನವರಿಗೆ ಇದನ್ನು ವಿವರಿಸುವುದನ್ನು ಬಿಟ್ಟುಬಿಟ್ಟಿದ್ದೇನೆ. ಹಾರ್ಟಿನದ್ದೋ ಕಿಡ್ನಿಯದ್ದೋ ಎಂದು ಕೇಳುತ್ತಾರೆ. ಜ್ವರದ್ದು ಎಂದರೆ ಮುಖ ಸಪ್ಪಗಾಗುತ್ತದೆ. ಜ್ವರ ಇಳಿಸಲು ಇಷ್ಟು ವರ್ಷ ಓದಬೇಕೇ ಎಂದು ಎರಡನೇ ಮಹಡಿಯವರು ಅಪ್ಪನನ್ನು ಮರುಕದಿಂದ ವಿಚಾರಿಸಿದರಂತೆ.

ಈ ಕಲಿಕೆಯಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಕೇಳುವುದೇ ಎಂದು ಸೇರುವ ಮೊದಲು ನನಗೆ ಯಾರೂ ಹೇಳಲಿಲ್ಲ. ಹೃದಯದವರಿಗೆ ಸ್ಟೆತಾಸ್ಕೋಪ್ ಇದೆ, ನಮಗೆ ವಿಭಾಗದ ಮುಖ್ಯಸ್ಥೆ ಮೇಡಂ ಮಾಡಿಕೊಟ್ಟ ಐವತ್ತೆರಡು ಪ್ರಶ್ನೆಗಳ ಪಟ್ಟಿ. ಎಲ್ಲಿ ತಿಂದಿರಿ, ಯಾವ ನೀರಲ್ಲಿ ಈಜಿದಿರಿ, ಯಾರ ಜೊತೆ ಮಲಗಿದಿರಿ, ಬೆಕ್ಕು ಪರಚಿತೇ. ಲಿಫ್ಟಿನಲ್ಲಿ ಪಕ್ಕದವರನ್ನು ಯಾವ ಮಹಡಿ ಎಂದು ಕೇಳಲೂ ಸಂಕೋಚಪಡುವವಳು ನಾನು. ಮದುವೆ ಮನೆಗಳಲ್ಲಿ ಚಿಕ್ಕಮ್ಮಂದಿರು ನನ್ನ ಹತ್ತಿರ ಸರಿಯುವುದು ಕಂಡರೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ. ನನ್ನಂಥವಳು ವೈದ್ಯಶಾಸ್ತ್ರದಲ್ಲೇ ಅತ್ಯಂತ ಅಧಿಕಪ್ರಸಂಗಿ ಶಾಖೆಯನ್ನು ಆರಿಸಿಕೊಂಡಳು. ಯಾರೂ ಬಲವಂತ ಮಾಡಿರಲಿಲ್ಲ.

ಕಳೆದ ತಿಂಗಳು ಸದಾನಂದ ಶೆಟ್ಟರು ಬಂದರು. ಗೋರೆಗಾಂವಿನ ಒಂದು ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಮ್ಯಾನೇಜರು. ಮೂರು ವಾರದಿಂದ ಬಿಟ್ಟು ಬಿಟ್ಟು ಜ್ವರ, ಬೆನ್ನುನೋವು, ಬೆವರು. ಒಂದು ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಕಾರಣ ಸಿಗದ ಜ್ವರವೆಂದರೆ ಈ ಊರಿನಲ್ಲಿ ಎಲ್ಲರ ಕೈ ಟಿಬಿ ಔಷಧಿಯ ಕಡೆಗೇ ಹೋಗುತ್ತದೆ. ನಾಳೆ ಬೆಳಗಿನ ಮೀಟಿಂಗಿನೊಳಗೆ ಬೇರೆ ಕಾರಣ ಸಿಗದಿದ್ದರೆ ಅದನ್ನೇ ಶುರು ಮಾಡುವುದು ಎಂದು ಮೇಡಂ ತೀರ್ಮಾನಿಸಿದರು. ಅಂದಾಜಿನ ಮೇಲೆ ಆರು ತಿಂಗಳ ಔಷಧಿ, ಅದೂ ಸಕ್ಕರೆ ಕಾಯಿಲೆಯ ಮನುಷ್ಯನಿಗೆ. ನೀನು ಕನ್ನಡದವಳಲ್ಲವೇ, ಇನ್ನೊಮ್ಮೆ ಕೂತು ಕೇಳು ಎಂದು ನನ್ನನ್ನು ಕಳಿಸಿದರು.

ಕೂತೆ. ಕೇಳಿದೆ. ಐವತ್ತೆರಡಕ್ಕೂ ಉತ್ತರ ಕೊಟ್ಟವರು ಶೆಟ್ಟರ ಹೆಂಡತಿ ಜಲಜಕ್ಕ. ಅವರು ಊಟ ಬಿಸಿಯಾಗಿಯೇ ಮಾಡುವುದು, ಅವರು ಎಲ್ಲಿಗೂ ಹೋಗುವುದಿಲ್ಲ, ಬೆಳಿಗ್ಗೆ ವಾಕಿಂಗ್ ಮಾತ್ರ. ಮೂತ್ರದಲ್ಲಿ ಉರಿಯಿದೆಯೇ ಎಂದರೆ ಅದಕ್ಕೂ ಜಲಜಕ್ಕನೇ ಇಲ್ಲ ಎಂದರು. ಹಾಲಿನ ಪ್ರಶ್ನೆ ಬಂದಾಗಂತೂ ನೇರವಾಗಿ ಕೂತುಕೊಂಡರು. ಸಕ್ಕರೆ ಬಂದಂದಿನಿಂದ ಅವರಿಗೆ ಹಾಲೇ ಬಂದ್, ಮನೆಗೆ ಬರುವುದನ್ನೂ ತಾನು ಮೂರು ಸಲ ಕುದಿಸುವುದು. ಶೆಟ್ಟರು ಫ್ಯಾನು ನೋಡುತ್ತಿದ್ದರು. ಏನೋ ಇದೆ ಎಂದು ನನಗೆ ಅನಿಸಿದ್ದು ಆಗಲೇ. ಹೊರಗೆ ಸ್ವಲ್ಪ ಕೂತಿರುತ್ತೀರಾ ಎಂದು ಜಲಜಕ್ಕನನ್ನು ಕೇಳಿದೆ. ನಮ್ಮೊಳಗೆ ಗುಟ್ಟೆಂತದು ಎಂದು ಅವರು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದರು. ಪರೀಕ್ಷೆ ಮಾಡಬೇಕು ಎಂದು ಪರದೆ ಎಳೆದರೆ ಪರದೆಯ ಒಳಗೂ ಬಂದರು.

ಆಮೇಲೆ ಪ್ರಶ್ನೆ ಕೇಳುವ ಸರದಿ ಅವರದಾಯಿತು. ಕೋಟಿನ ಮೇಲಿನ ಹೆಸರಿನ ಬಿಲ್ಲೆಯಿಂದ ನಾನೂ ಶೆಟ್ಟಿ ಎಂದು ಅವರಿಗೆ ತಿಳಿದಿತ್ತು. ಊರು? ಕಾರ್ಕಳದ ಹತ್ತಿರ. ತಂದೆ? ಶೆಟ್ಟರ ನಾಡಿ ಹಿಡಿದೆ.

"ನಿಮ್ಮದು ಯಾವ ಬರಿ, ಮಗಾ?"

ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಮದುವೆಯಾಗುವಂತಿಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಯಾರೂ ಸುಮ್ಮಸುಮ್ಮನೆ ಕೇಳುವುದಿಲ್ಲ. ಕೇಳುವವರ ಹಿಂದೆ ಒಬ್ಬ ಹುಡುಗ ಇರುತ್ತಾನೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಾನು ಇದಕ್ಕೆ ನೆಟ್ಟಗೆ ಉತ್ತರಿಸಿದ್ದಿಲ್ಲ, ಗೊತ್ತಿಲ್ಲ ಎಂದು ದಾಟಿಕೊಂಡಿದ್ದೇನೆ. ಶೆಟ್ಟರ ಚಾರ್ಟು ನೋಡಿದೆ: ನೂರಾ ಎರಡೂವರೆ. ಹೇಳಿಬಿಟ್ಟೆ. ಬರಿ ಹೇಳಿದೆ, ನಕ್ಷತ್ರ ಹೇಳಿದೆ, ಕೇಳದಿದ್ದರೂ ಎತ್ತರವನ್ನೂ ಹೇಳಿದೆ. ನಾನು ಅಂದುಕೊಂಡದ್ದು ಸರಿಯಾಯಿತು. ಅಕ್ಕನಿಗೆ ಈಗಲೇ ಹೇಳಬೇಕೆಂದು ಜಲಜಕ್ಕ ಫೋನು ಹಿಡಿದು ಎದ್ದರು. ವಾರ್ಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಲಿಫ್ಟಿನ ಹತ್ತಿರವೇ ಹೋಗಬೇಕು.

ಬಾಗಿಲು ಮುಚ್ಚುವುದನ್ನೇ ಕಾಯುತ್ತಿದ್ದ ಶೆಟ್ಟರು ಒಂದೇ ಉಸಿರಿಗೆ ಹೇಳಿದರು:

"ವಾಕಿಂಗ್ ಅಲ್ಲ ಡಾಕ್ಟ್ರೇ, ನಾನು ಹೋಗುವುದು ಎಮ್ಮೆಗಳ ತಬೇಲಕ್ಕೆ. ಭಯ್ಯಾ ಎಮ್ಮೆ ಕರೆದು ಅಲ್ಲೇ ಒಂದು ಲೋಟ ಕೊಡ್ತಾನೆ, ನೊರೆ ಸಮೇತ. ಎಂಟು ತಿಂಗಳಾಯ್ತು. ಅವಳಿಗೆ ಮಾತ್ರ ಹೇಳ್ಬೇಡಿ."

ಕುದಿಸದ ಹಾಲಿನಿಂದ ಬರುವ ಬ್ರುಸೆಲ್ಲೋಸಿಸ್ ಎಂಬ ಜ್ವರವೊಂದಿದೆ. ಮರುದಿನ ಮೀಟಿಂಗಿನಲ್ಲಿ ಹಸಿ ಹಾಲು ಎಂದ ತಕ್ಷಣ ಮೇಡಂ ಟಿಬಿ ಔಷಧಿ ತಡೆದು ರಕ್ತ ಕಳಿಸಿದರು. ಎರಡು ದಿನಕ್ಕೆ ಅದೇ ಎಂದು ವರದಿ ಬಂತು. ಆರು ತಿಂಗಳ ಬದಲು ಆರು ವಾರ, ಸರಿಯಾದ ಕಾಯಿಲೆಗೆ ಸರಿಯಾದ ಔಷಧಿ. ಈ ಹಿಸ್ಟರಿ ಹೇಗೆ ಸಿಕ್ಕಿತು ಎಂದು ಮೇಡಂ ಕೇಳಿದರು. ತಾಳ್ಮೆಯಿಂದ ಕೇಳಿದೆ ಎಂದೆ.

ಜಲಜಕ್ಕನಿಗೆ ಹೊರಗಿನ ಹಾಲಿನಿಂದ ಬಂದದ್ದು ಎಂದಷ್ಟೇ ತಿಳಿಸಿದೆ. ಹಾಗಾದರೆ ಆ ಹೋಟೆಲಿನದ್ದೇ ಎಂದು ಅವರು ಹೋಟೆಲಿನ ಅಡುಗೆಮನೆಯನ್ನು ಬಾಯಿಗೆ ಬಂದಂತೆ ಬೈದರು. ಇಪ್ಪತ್ತು ವರ್ಷ ಆ ಹೋಟೆಲಿನ ಮಾನ ಕಾಯ್ದ ಮ್ಯಾನೇಜರು ತುಟಿ ಬಿಚ್ಚಲಿಲ್ಲ. ಆಮೇಲೆ ಜಲಜಕ್ಕ ನನ್ನ ಕಡೆ ತಿರುಗಿ, ನಾಳೆ ಹತ್ತು ಗಂಟೆಗೆ ಅಕ್ಕ ಬರ್ತಾಳೆ, ಮಗನೂ ಜೊತೆಗಿರ್ತಾನೆ, ಎಂತ ಇಲ್ಲ, ಸುಮ್ಮನೆ ಒಮ್ಮೆ ನೋಡ್ಲಿಕ್ಕೆ ಎಂದರು. ನಾನು ಶೆಟ್ಟರನ್ನು ನೋಡಿದೆ. ಈ ಒಂದು ಸಲ ಅವರು ನನ್ನ ಪರವಾಗಿ ಏನಾದರೂ ಹೇಳಬಹುದಿತ್ತು. ಹೇಳಿದರು ಕೂಡ.

"ಒಳ್ಳೆ ಹುಡುಗಿ ಮಾರಾಯ್ತಿ. ಒಂದು ಮಾತೂ ಹೊರಗೆ ಬಿಡುವವಳಲ್ಲ."

"ಅದು ನಿಮಗೆ ಹೇಗೆ ಗೊತ್ತು?" ಎಂದರು ಜಲಜಕ್ಕ.

ಶೆಟ್ಟರು ಮತ್ತೆ ಫ್ಯಾನು ನೋಡತೊಡಗಿದರು.

ಮರುದಿನ ಬೆಳಿಗ್ಗೆ ಏಳಕ್ಕೇ ಹೋಗಿ ರೌಂಡ್ಸ್ ಮುಗಿಸಿದೆ. ಹತ್ತಕ್ಕೆ ಐದು ನಿಮಿಷವಿರುವಾಗ ಪ್ರಯೋಗಾಲಯಕ್ಕೆ ಇಳಿದು, ‘ಸೋಂಕಿನ ಅಪಾಯ, ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬ ಫಲಕವಿರುವ ಕೋಣೆಗೆ ಹೋಗಿ, ಒಳಗಿನಿಂದ ಬಾಗಿಲು ಹಾಕಿಕೊಂಡೆ.