ಅಲಗಿಲ್ಲದ ಚಾಕುವಿನ ಕೇಸು

ಬಸ್ಸಿನ ಸೀಟಿನ ಒಂದು ಸ್ಕ್ರೂ ಸಡಿಲವಾಗಿತ್ತು. ಅಷ್ಟೇ. ಬೇರೆ ಯಾರು ಅಲ್ಲಿ ಕೂತಿದ್ದರೂ ನಾಲ್ಕು ಸಲ ಅತ್ತಿತ್ತ ಅಲುಗಾಡಿ, ಬಸ್ಸಿನವರನ್ನು ಬೈದು, ತಮ್ಮ ಸ್ಟಾಪು ಬಂದಾಗ ಇಳಿದು ಹೋಗುತ್ತಿದ್ದರು. ಆದರೆ ಆ ಬೆಳಿಗ್ಗೆ ಅಲ್ಲಿ ಕೂತವನು ಅರ್ಧ ಡಾಕ್ಟ್ರು.

ಹಲ್ಲಿನ ಡಾಕ್ಟರುಗಳ ಕುರ್ಚಿ ರಿಪೇರಿ ಮಾಡುವುದು ಅವನ ಕಸುಬು. ರೋಗಿ ಮಲಗುವ ಕುರ್ಚಿ ಮೇಲೇಳದಿದ್ದರೆ, ಕೆಳಗಿಳಿಯದಿದ್ದರೆ, ಹಲ್ಲು ಕೀಳುವ ಹೊತ್ತಿಗೆ ಸರಿಯಾಗಿ ಗಿರಕಿ ಹೊಡೆದರೆ ಅವನಿಗೆ ಫೋನು ಬರುತ್ತಿತ್ತು. ಡಾಕ್ಟರು ರೋಗಿಯ ಬಾಯಿ ನೋಡಿಕೊಂಡರೆ ಬೆನ್ನಿನ ಕೆಳಗಿನದೆಲ್ಲ ಇವನ ಜವಾಬ್ದಾರಿ, ಹಾಗಾಗಿ ಇವನು ಅರ್ಧ ಡಾಕ್ಟ್ರು ಎಂದು ಪಕ್ಕದ ಮನೆಯ ಸೆಕ್ಷನ್ ತಾತ ಹೆಸರಿಟ್ಟಿದ್ದ. ಬೀದಿ ಆ ಹೆಸರನ್ನು ಎತ್ತಿಕೊಂಡಿತು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಸೆಕ್ಷನ್ ತಾತ ವಕೀಲಿ ಓದಿದವನಲ್ಲ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತನಾದವನು. ಆಯುಷ್ಯವಿಡೀ ತೀರ್ಪುಗಳನ್ನು ಕುಟ್ಟಿ ಕುಟ್ಟಿ ಕಾನೂನು ಅವನ ಬೆರಳಿನಿಂದ ತೋಳಿಗೆ, ತೋಳಿನಿಂದ ತಲೆಗೆ ಏರಿಬಿಟ್ಟಿತ್ತು. ಯಾರಾದರೂ ಜೋರಾಗಿ ಸೀನಿದರೂ ಅದಕ್ಕೊಂದು ಸೆಕ್ಷನ್ ಹೇಳದೆ ಬಿಡುವವನಲ್ಲ.

ಊರಿನಲ್ಲಿ ಚಾಕು ಕಾನೂನು ಬಿಗಿಯಾದ ದಿನ ಅವನು ಅರ್ಧ ಡಾಕ್ಟ್ರ ಮನೆಗೆ ಬಂದು ಕೂತು, ಬೆರಳಿಗಿಂತ ಉದ್ದದ ಅಲಗಿರುವ ಚಾಕುವನ್ನು ಜೇಬಿನಲ್ಲಿಟ್ಟುಕೊಂಡು ಬೀದಿಗೆ ಹೋದರೆ ಸೀದಾ ಒಳಗೆ ಎಂದು ಎಚ್ಚರಿಸಿದ್ದ. ಯಾರ ಬೆರಳು ಎಂದು ಹೆಂಡತಿ ಕೇಳಿದಳು. ತಾತ ಸ್ವಲ್ಪ ಹೊತ್ತು ತನ್ನ ಹತ್ತೂ ಬೆರಳನ್ನು ನೋಡಿಕೊಂಡು, ಆ ಪ್ರಶ್ನೆಯನ್ನು ಯಾವ ತೀರ್ಪೂ ಬಗೆಹರಿಸಿಲ್ಲ ಎಂದು ಒಪ್ಪಿಕೊಂಡ. ಬೆರಳಿನ ಗೊಡವೆಯೇ ಬೇಡವೆಂದು ಅರ್ಧ ಡಾಕ್ಟ್ರು ತನ್ನ ಹಳೆಯ ಚಾಕುವನ್ನು ಅಡುಗೆಮನೆಗೆ ಒಪ್ಪಿಸಿ, ತಾತನ ಸಲಹೆಯಂತೆ ಅಲಗೇ ಇಲ್ಲದ ಒಂದು ಮಲ್ಟಿಟೂಲ್ ಕೊಂಡ. ಅಂಗೈಯಗಲದ ಉಕ್ಕಿನ ಸಾಮಾನು. ಬಿಚ್ಚಿದರೆ ಒಂದು ಇಕ್ಕಳ, ಅದರ ಹಿಡಿಯೊಳಗೆ ಮಡಚಿ ಮಲಗಿದ ಸ್ಕ್ರೂಡ್ರೈವರು, ಅರ, ಚಿಮಟ, ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ. ಕಲ್ಲಂಗಡಿ ಹಣ್ಣಿನ ಮುಂದಿಟ್ಟರೆ ಹಣ್ಣೇ ನಗಬೇಕು, ಅಂಥ ಸಾಧು ಪ್ರಾಣಿ.

ಈಗ ಬಸ್ಸಿಗೆ ಬರೋಣ. ಅರ್ಧ ಡಾಕ್ಟ್ರಿಗೆ ಅವತ್ತು ಕೂತಲ್ಲಿ ಕೂರಲಾಗದಂಥ ಅವಸರ. ಊರಿನ ದೊಡ್ಡ ಹಲ್ಲಿನ ಡಾಕ್ಟರಮ್ಮನ ಕುರ್ಚಿ ಮೇಲೇರಿದ್ದು ಅಲ್ಲೇ ನಿಂತುಬಿಟ್ಟಿತ್ತು. ಮೇಲಿದ್ದವರು ಒಬ್ಬ ಸಂಗೀತದ ಮೇಷ್ಟ್ರು. ಸೊಂಟ ನೋವಿನವರು, ಹಾರಲಾರರು. ಬಾಯಿ ತುಂಬ ಹತ್ತಿ ಇದ್ದುದರಿಂದ ಮೂಗಿನಲ್ಲೇ ಬೈಯುತ್ತಿದ್ದಾರೆಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದಳು. ಬೇಗ ಬಂದು ಇಳಿಸಿಕೊಟ್ಟರೆ ತನ್ನ ಹೊಸ ಆಸ್ಪತ್ರೆಯ ಅಷ್ಟೂ ಕುರ್ಚಿಗಳ ಉಸ್ತುವಾರಿ ಅವನಿಗೇ ಎಂದೂ ಹೇಳಿದ್ದಳು. ಆ ಮಾತು ಕೇಳಿದಾಗಿನಿಂದ ಅವನ ಎದೆಯೊಳಗೆ ಡೋಲು ಬಡಿಯುತ್ತಿತ್ತು. ಪೇಟೆಗೆ ಹೊರಟಿದ್ದ ಸೆಕ್ಷನ್ ತಾತ ಅದೇ ಬಸ್ಸು ಹತ್ತಿ ಪಕ್ಕದಲ್ಲೇ ಕೂತಿದ್ದ. ಕೆಳಗೆ ಸೀಟು ಕಿರಿಕಿರಿ ಅನ್ನುತ್ತಿತ್ತು.

ರಿಪೇರಿಯವನ ಕೈ ಸುಮ್ಮನಿರುತ್ತದೆಯೇ. ಅರ್ಧ ಡಾಕ್ಟ್ರು ಮಲ್ಟಿಟೂಲ್ ತೆಗೆದು ಟಕ್ ಎಂದು ಬಿಚ್ಚಿದ. ಅದೇ ಗಳಿಗೆಗೆ ಡ್ರೈವರ್ ಬ್ರೇಕ್ ಹಾಕಿದ. ಮುಗ್ಗರಿಸಿದ ಅರ್ಧ ಡಾಕ್ಟ್ರು ಬೀಳದಿರಲೆಂದು ಕೈ ಮೇಲೆತ್ತಿದ. ಕಿಟಕಿಯ ಬಿಸಿಲು ಉಕ್ಕಿನ ಮೇಲೆ ಫಳ್ ಎಂದಿತು. ಎದುರಿಗೆ ಕೈಚೀಲ ಅಪ್ಪಿಕೊಂಡು ಕೂತಿದ್ದ ಹೆಂಗಸು, “ಚಾಕು” ಅಂದಳು.

ಅವಳು ಅಂದದ್ದು ಒಂದೇ ಸಲ, ಅದೂ ಮೆಲ್ಲಗೆ. ಆದರೆ ಅವಳ ಸೀಟಿನಲ್ಲಿ ಚಾಕುವಾಗಿದ್ದದ್ದು ನಡುವಿನ ಸೀಟಿಗೆ ಹೋಗುವಷ್ಟರಲ್ಲಿ ಕತ್ತಿಯಾಯಿತು. ಹಿಂದಿನ ಸೀಟು ಮುಟ್ಟುವ ಹೊತ್ತಿಗೆ ಇಬ್ಬರಿಗೆ ಗಾಯವಾಗಿತ್ತು. ಜನ ಸೀಟಿನ ಮೇಲೆ ಹತ್ತಿದರು. ಒಬ್ಬ ಕೊಡೆ ಬಿಚ್ಚಿ ಅದರ ಹಿಂದೆ ಅಡಗಿದ.

ಅರ್ಧ ಡಾಕ್ಟ್ರು ಬಾಯಿ ತೆರೆಯುವ ಮೊದಲೇ ಸೆಕ್ಷನ್ ತಾತ ಎದ್ದು ನಿಂತ. ಸಭಿಕರು ತಾವಾಗಿಯೇ ಸಿಕ್ಕಿರುವಾಗ ಬಿಡುವುದುಂಟೇ. ಕೈ ಬೀಸಿ ಎಲ್ಲರನ್ನೂ ಸುಮ್ಮನಾಗಿಸಿ, ಕಾನೂನಿನ ಪ್ರಕಾರ ಇದು ಚಾಕುವೇ ಅಲ್ಲವೆಂದು ವಿವರಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಯಾರಿಗಾದ್ರೂ ಇರಿದಿದ್ರೆ ಆ ಮಾತು ಬೇರೆ. ಅದಕ್ಕೆ ಬೇರೆ ಸೆಕ್ಷನ್ ಇದೆ” ಎಂದೂ ಸೇರಿಸಿದ.

‘ಇರಿದ’ ಎಂಬಷ್ಟು ಮಾತ್ರ ಡ್ರೈವರ್ ಕಿವಿಗೆ ಬಿತ್ತು. ಮುಂದೆ ಅವನು ಯಾವ ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ. ಕೈ ಅಡ್ಡ ಹಾಕಿದವರನ್ನೆಲ್ಲ ದಾಟಿಕೊಂಡು, ಹಾರ್ನಿನ ಮೇಲೆ ಒತ್ತಿದ ಕೈ ತೆಗೆಯದೆ, ಬಸ್ಸನ್ನು ಸೀದಾ ಪೊಲೀಸ್ ಠಾಣೆಯ ಅಂಗಳಕ್ಕೆ ನುಗ್ಗಿಸಿದ.

ಠಾಣೆಯಲ್ಲಿ ಆಗಲೇ ಇನ್ನೊಂದು ಗಡಿಬಿಡಿ ನಡೆದಿತ್ತು. ಅವತ್ತು ಮೇಲಧಿಕಾರಿ ತಪಾಸಣೆಗೆ ಬರುವವರಿದ್ದರು. ಖಾಲಿಯಿದ್ದ ಲಾಕಪ್ಪಿಗೆ ಹೊಸ ಬಣ್ಣ ಬಳಿದಿದ್ದರು. ಬಣ್ಣ ಒಣಗಿದೆಯೋ ಇಲ್ಲವೋ ನೋಡಲು ಇನ್ಸ್‌ಪೆಕ್ಟರು ಒಳಗೆ ಹೋದಾಗ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದರೆ ತಾನೇ ಬೀಗ ಬೀಳುವ ಬಾಗಿಲದು. ಅವರು ಸರಳುಗಳ ನಡುವಿನಿಂದ ಕೈ ಹೊರಗೆ ಹಾಕಿ, ತಮ್ಮಲ್ಲಿದ್ದ ಕೀಲಿಯನ್ನು ಬೀಗಕ್ಕೆ ತೂರಿಸಿ ತಿರುಚಿದರು. ಕೀಲಿ ಮುರಿದು ಅರ್ಧ ಬೀಗದಲ್ಲಿ, ಅರ್ಧ ಅವರ ಕೈಯಲ್ಲಿ ಉಳಿಯಿತು.

ಹೀಗಾಗಿ ಬಸ್ಸಿನ ಜನ ಅರ್ಧ ಡಾಕ್ಟ್ರನ್ನು ಎಳೆದುಕೊಂಡು ಒಳಗೆ ನುಗ್ಗಿದಾಗ, ಟೋಪಿ ಹಾಕಿಕೊಂಡ ಇನ್ಸ್‌ಪೆಕ್ಟರು ಲಾಕಪ್ಪಿನ ಒಳಗೆ ನಿಂತಿದ್ದರು. ಇನ್ಸ್‌ಪೆಕ್ಟರ ವೇಷ ಹಾಕಿಕೊಂಡು ಸಿಕ್ಕಿಬಿದ್ದ ಕಳ್ಳನಿರಬೇಕು ಎಂದುಕೊಂಡ ಕೊಡೆಯವನು, ಸಾಹೇಬರು ಎಲ್ಲಿ ಎಂದು ಅವರನ್ನೇ ಕೇಳಿದ.

“ನಾನೇ ಸಾಹೇಬ” ಎಂದರು ಇನ್ಸ್‌ಪೆಕ್ಟರು. “ಏನು ಕೇಸು?”

ವಿಚಾರಣೆ ಸರಳುಗಳ ಒಳಗಿನಿಂದಲೇ ಶುರುವಾಯಿತು. ಆರೋಪಿ ಹೊರಗೆ, ಸಾಹೇಬರು ಒಳಗೆ. ಕೈಚೀಲದ ಹೆಂಗಸು ಚಾಕು ಗೇಣುದ್ದ ಇತ್ತೆಂದಳು. ಕೊಡೆಯವನು ಮೊಳದುದ್ದ ಎಂದ. ಡ್ರೈವರು ತಾನು ಕನ್ನಡಿಯಲ್ಲಿ ನೋಡಿದ್ದೆಂದೂ, ಅದಕ್ಕೆ ಎರಡೂ ಕಡೆ ಧಾರೆ ಇತ್ತೆಂದೂ ಹೇಳಿದ. ಕಾನ್‌ಸ್ಟೇಬಲ್ ಯಾವುದನ್ನು ಬರೆಯುವುದೆಂದು ತಿಳಿಯದೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ.

ಅಷ್ಟರಲ್ಲಿ ಅರ್ಧ ಡಾಕ್ಟ್ರ ಫೋನು ಬಡಿದುಕೊಂಡಿತು. ಡಾಕ್ಟರಮ್ಮ.

“ಎಲ್ಲಿದ್ದೀರಿ?”

“ಸ್ಟೇಷನ್‌ನಲ್ಲಿದ್ದೀನಿ ಮೇಡಂ.”

“ರೈಲಲ್ಲಿ ಯಾಕೆ ಬಂದ್ರಿ? ಬೇಗ ಇಳಿದು ಹೊರಗೆ ಬನ್ನಿ.”

“ಹೊರಗೆ ಬಿಡ್ತಾ ಇಲ್ಲ ಮೇಡಂ” ಎಂದ ಅವನು. ಹಿನ್ನೆಲೆಯಲ್ಲಿ ಮೇಷ್ಟ್ರ ಮೂಗಿನ ಸ್ವರ ತಾರಕಕ್ಕೇರಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ಬೇರೆಯವರನ್ನು ಕರೆಸುತ್ತೇನೆ ಎಂದು ಡಾಕ್ಟರಮ್ಮ ಫೋನಿಟ್ಟಳು.

ಅರ್ಧ ಡಾಕ್ಟ್ರಿಗೆ ಎಲ್ಲಿಲ್ಲದ ಧೈರ್ಯ ಬಂತು. ಸರಳುಗಳ ಹತ್ತಿರ ಹೋಗಿ ಮಲ್ಟಿಟೂಲಿನ ಒಂದೊಂದೇ ಅಂಗವನ್ನು ಬಿಚ್ಚಿ ತೋರಿಸಿದ. ಇಕ್ಕಳ ಬಂತು, ಅರ ಬಂತು, ಕೊಕ್ಕೆ ಬಂತು. ಒಂದೊಂದು ಬಂದಾಗಲೂ ಜನ ಒಂದು ಹೆಜ್ಜೆ ಹಿಂದೆ ಸರಿದು, ಅಲಗಲ್ಲವೆಂದು ಖಾತ್ರಿಯಾದಾಗ ಎರಡು ಹೆಜ್ಜೆ ಮುಂದೆ ಬಂದರು. ಕೊನೆಗೆ ಬಿಚ್ಚಲು ಏನೂ ಉಳಿಯಲಿಲ್ಲ. ಇನ್ಸ್‌ಪೆಕ್ಟರು ಪ್ರತಿಯೊಂದರ ಮೇಲೂ ಹೆಬ್ಬೆರಳು ಎಳೆದು ನೋಡಿದರು. ಗೀರು ಕೂಡ ಮೂಡಲಿಲ್ಲ. ಬಸ್ಸಿನವರ ಮುಖ, ಸಿನಿಮಾ ನಡುವೆ ಕರೆಂಟು ಹೋದವರಂತಾಯಿತು. ಕಿಟಕಿಯಿಂದ ಎಸೆದಿರಬೇಕು ಎಂದು ಕೊಡೆಯವನು ಗೊಣಗಿದ. ಯಾರೂ ಕಿವಿಗೊಡಲಿಲ್ಲ.

ಇನ್ಸ್‌ಪೆಕ್ಟರು ಮಾತ್ರ ಮಲ್ಟಿಟೂಲನ್ನೇ ನೋಡುತ್ತಿದ್ದರು. ಆಮೇಲೆ ಬೀಗ ನೋಡಿದರು. ದನಿ ತಗ್ಗಿಸಿ, “ಇದರಲ್ಲಿ ಇದನ್ನ ತೆಗೆಯೋಕಾಗುತ್ತಾ?” ಎಂದು ಕೇಳಿದರು.

ಅರ್ಧ ಡಾಕ್ಟ್ರು ಮೊಣಕಾಲೂರಿ ಕೂತ. ಕೂತದ್ದೇ ತಡ, ಅವನ ಹೆದರಿಕೆಯೆಲ್ಲ ಎಲ್ಲಿ ಹೋಯಿತೋ. ಬೀಗದ ಬಾಯೊಳಗೆ ಕಣ್ಣು ಹಾಯಿಸಿದ, ಹುಳುಕು ಹಲ್ಲು ನೋಡುವ ಡಾಕ್ಟರಂತೆ. ಚಿಮಟದಿಂದ ಮುರಿದ ಕೀಲಿಯ ತುಂಡನ್ನು ಮೆಲ್ಲಗೆ ಎಳೆದ. ಅದು ಒಮ್ಮೆ ಬಂದು, ಜಾರಿ, ಮತ್ತೆ ಒಳಗೆ ಹೋಯಿತು. ಇಡೀ ಬಸ್ಸು ಉಸಿರು ಬಿಗಿಹಿಡಿಯಿತು. ಎರಡನೆಯ ಸಲ ತುಂಡು ಹೊರಗೆ ಬಂದು ನೆಲಕ್ಕೆ ಬಿತ್ತು. ಸಣ್ಣ ಸ್ಕ್ರೂಡ್ರೈವರನ್ನು ಒಳಗೆ ತೂರಿಸಿ, ಕಿವಿ ಹತ್ತಿರ ಇಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಡವಿ ಒತ್ತಿದ. ಖಟ್.

ಬಾಗಿಲು ತೆರೆಯಿತು. ಜನ ಚಪ್ಪಾಳೆ ತಟ್ಟಿದರು. ಕೈಚೀಲದ ಹೆಂಗಸು, ತನಗೆ ಮೊದಲಿನಿಂದಲೂ ಈತ ಒಳ್ಳೆಯವನೆಂದು ಅನಿಸಿತ್ತು ಎಂದಳು. ಬೆನ್ನ ಮೇಲೆ ಹಸಿ ಬಣ್ಣದ ಪಟ್ಟೆಗಳೊಂದಿಗೆ ಹೊರಬಂದ ಇನ್ಸ್‌ಪೆಕ್ಟರು ಅರ್ಧ ಡಾಕ್ಟ್ರನ್ನು ತಬ್ಬಿಕೊಂಡು, ಕೇಸೂ ಇಲ್ಲ ಗೀಸೂ ಇಲ್ಲ, ಇವರನ್ನು ನಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಬಿಟ್ಟು ಬಾ ಎಂದು ಕಾನ್‌ಸ್ಟೇಬಲ್ಲಿಗೆ ಹೇಳಿದರು. ಪೊಲೀಸ್ ಜೀಪು. ದಾರಿಯುದ್ದ ಸೈರನ್ನು. ಅರ್ಧ ಡಾಕ್ಟ್ರು ಆಗಲೇ ಮನಸ್ಸಿನಲ್ಲಿ ಹೊಸ ಆಸ್ಪತ್ರೆಯ ಕುರ್ಚಿಗಳನ್ನು ಒಂದೊಂದಾಗಿ ಏರಿಸಿ ಇಳಿಸುತ್ತಿದ್ದ.

ಅಷ್ಟರಲ್ಲಿ ಠಾಣೆಯ ಬಾಗಿಲ ಬಳಿ ಬೂಟಿನ ಸದ್ದಾಯಿತು. ಮೇಲಧಿಕಾರಿ ಬಂದೇಬಿಟ್ಟಿದ್ದರು. ಗಂಭೀರ ಮುಖದ ಹೆಂಗಸು. ತೆರೆದ ಲಾಕಪ್ಪು, ನೆಲದ ಮೇಲಿನ ಕೀಲಿಯ ತುಂಡು, ಬಸ್ಸಿಗಾಗುವಷ್ಟು ಜನ, ಎಲ್ಲದರ ಮೇಲೂ ಕಣ್ಣಾಡಿಸಿ, ಲಾಕಪ್ಪಿನ ಬೀಗ ತೆಗೆದವರು ಯಾರು ಎಂದು ಕೇಳಿದರು.

ಇನ್ಸ್‌ಪೆಕ್ಟರು ಸೆಲ್ಯೂಟ್ ಹೊಡೆದರು, ಬೆನ್ನು ಕಾಣದಂತೆ ಗೋಡೆಗೆ ಒರಗಿ. ನಿಜ ಹೇಳಿದರೆ, ತನ್ನದೇ ಲಾಕಪ್ಪಿನಲ್ಲಿ ಸಿಕ್ಕಿಬಿದ್ದ ಇನ್ಸ್‌ಪೆಕ್ಟರ್ ಎಂದು ರಿಟೈರ್ ಆಗುವವರೆಗೂ ಇಲಾಖೆ ನಗುತ್ತದೆ. ಅವರು ಗಂಟಲು ಸರಿಮಾಡಿಕೊಂಡು, ಬೆರಳನ್ನು ಅರ್ಧ ಡಾಕ್ಟ್ರ ಕಡೆ ತಿರುಗಿಸಿದರು. “ಇವನು ಮೇಡಂ. ಇವನ ಹತ್ರ ಇರೋ ಸಾಮಾನಿನ ಮೇಲೆ ಸಂಶಯ ಬಂತು. ಅದಕ್ಕೇ ಒಂದು ಪರೀಕ್ಷೆ ಇಟ್ಟು ನೋಡಿದ್ವಿ.”

ಇನ್ನು ತಡೆಯಲಾರದೆ ಸೆಕ್ಷನ್ ತಾತ ಮುಂದೆ ನುಗ್ಗಿದ. ನೆರೆಯವನನ್ನು ಉಳಿಸಲೇಬೇಕೆಂಬ ಹುರುಪಿನಲ್ಲಿ ಅವನ ಕಿವಿ ಕೆಂಪಾಗಿತ್ತು.

“ಮೇಡಂ, ಇವನ ಮೇಲೆ ಚಾಕು ಕಾನೂನು ನಿಲ್ಲಲ್ಲ. ಇದರಲ್ಲಿ ಅಲಗೇ ಇಲ್ಲ. ಹಾಕೋದಾದ್ರೆ ಬೀಗ ಮುರಿಯೋ ಸಾಮಾನು ಇಟ್ಟುಕೊಂಡು ಓಡಾಡೋರಿಗೆ ಅಂತ ಬೇರೇನೇ ಒಂದು ಸೆಕ್ಷನ್ ಇದೆ. ಅದನ್ನ ಹಾಕಬೇಕಷ್ಟೆ.”

ಯಾವ ಸೆಕ್ಷನ್ ಎಂದು ಮೇಲಧಿಕಾರಿ ಕೇಳಿದರು. ತಾತ ಅದನ್ನು ಉಪಸೆಕ್ಷನ್ ಸಮೇತ, ಅಲ್ಪವಿರಾಮವನ್ನೂ ಬಿಡದೆ ಒಪ್ಪಿಸಿದ. ಕಾನ್‌ಸ್ಟೇಬಲ್ ಪೆನ್ನನ್ನು ಕಿವಿಯಿಂದ ತೆಗೆದು ಬರೆದುಕೊಂಡ. ಇದಕ್ಕೆ ಸಾಕ್ಷಿ ಇದೆಯೇ ಎಂದು ಮೇಲಧಿಕಾರಿ ಬಸ್ಸಿನವರ ಕಡೆ ತಿರುಗಿದರು.

ಚಾಕುವಿನ ಉದ್ದದ ಬಗ್ಗೆ ಯಾರಿಬ್ಬರ ಮಾತೂ ಒಂದಕ್ಕೊಂದು ಹೊಂದಿರಲಿಲ್ಲ. ಈಗ ಇಡೀ ಬಸ್ಸು ಒಂದೇ ಮಾತಾಯಿತು. ಕೈಚೀಲದ ಹೆಂಗಸು, ಕೊಡೆಯವನು, ಡ್ರೈವರು, ಎಲ್ಲರೂ ಕಣ್ಣಾರೆ ಕಂಡಿದ್ದರು. ಮೊದಲು ಚಿಮಟ, ಆಮೇಲೆ ಸ್ಕ್ರೂಡ್ರೈವರು, ಆಮೇಲೆ ಖಟ್. ಒಂದಕ್ಷರ ಸುಳ್ಳಿಲ್ಲ. ಈ ಸಾಹೇಬರು ಒಳಗಿದ್ದರು ಎಂದು ಹೇಳಹೊರಟ ಅರ್ಧ ಡಾಕ್ಟ್ರ ಮಾತಿಗೆ, ಆರೋಪಿಗಳು ಯಾವಾಗಲೂ ಪೊಲೀಸರೇ ಒಳಗಿರಬೇಕೆಂದು ಬಯಸುತ್ತಾರೆ ಎಂದರು ಮೇಲಧಿಕಾರಿ. ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ಇನ್ಸ್‌ಪೆಕ್ಟರು ನಕ್ಕರು.

ಸ್ವಲ್ಪ ಹೊತ್ತಿನಲ್ಲಿ ಅಂಗಳ ಖಾಲಿಯಾಯಿತು. ಬಸ್ಸು ಹೊರಟುಹೋಯಿತು. ಡಾಕ್ಟರಮ್ಮ ಫೋನು ಮಾಡಿ, ಬೇರೆ ರಿಪೇರಿಯವನು ಬಂದು ಮೇಷ್ಟ್ರನ್ನು ಇಳಿಸಿದನೆಂದೂ, ಇನ್ನು ರೈಲು ಇಳಿಯುವ ಅವಸರವಿಲ್ಲವೆಂದೂ ತಿಳಿಸಿದ್ದಳು. ಲಾಕಪ್ಪಿನ ಬಾಗಿಲು ಮುಚ್ಚಿಕೊಂಡರೆ ಮತ್ತೆ ತೆರೆಯಲು ಕೀಲಿ ಇಲ್ಲದ್ದರಿಂದ, ಅದನ್ನು ಅರೆ ತೆರೆದಿಟ್ಟು ಕಾನ್‌ಸ್ಟೇಬಲ್ ಒಂದು ಕುರ್ಚಿ ಎಳೆದು ಅಡ್ಡವಾಗಿ ಕೂತಿದ್ದ. ಒಳಗೆ ಅರ್ಧ ಡಾಕ್ಟ್ರು, ಬಣ್ಣದ ಗೋಡೆಗೆ ಒರಗಲೂ ಆಗದೆ, ನಟ್ಟನಡುವೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ.

ಸೆಕ್ಷನ್ ತಾತ ಮಾತ್ರ ಮನೆಗೆ ಹೋಗಿರಲಿಲ್ಲ. ಕಷ್ಟದಲ್ಲಿ ಕೈಬಿಡುವ ಜಾಯಮಾನದವನಲ್ಲ. ಸರಳುಗಳ ಹತ್ತಿರ ಬಂದು, ಅವನನ್ನು ಬಳಿಗೆ ಕರೆದು, ಒಳಗೆ ಕೈ ಹಾಕಿ ಭುಜ ತಟ್ಟಿದ.

“ನೀನೇನೂ ಹೆದರಬೇಡಪ್ಪ” ಎಂದ. “ಚಾಕು ಕೇಸಲ್ಲಿ ನಿನ್ನನ್ನ ಯಾರೂ ಮುಟ್ಟೋಕಾಗಲ್ಲ.”