ಬಿಸಿಲಿಗೆ ಹಿಡಿದ ಕಂಪ್ಯೂಟರು

ನಮ್ಮ ಸೋದರತ್ತೆಗೆ ಬದುಕಿರುವವರಿಗಿಂತ ಸತ್ತವರ ಬಳಕೆಯೇ ಜಾಸ್ತಿ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ಸಂತೆಬಾಚಹಳ್ಳಿಯಲ್ಲಿ ರವಿಕೆ ಹೊಲಿಯುವ ಅತ್ತೆ, ಹೊಲಿದ ಪ್ರತಿ ರವಿಕೆಯಿಂದಲೂ ಒಂದು ಚೂರು ಎತ್ತಿಡುತ್ತಾರೆ. ತೊಟ್ಟವಳು ತೀರಿಕೊಂಡಳೆಂದು ಗೊತ್ತಾದರೆ ಆ ಚೂರು ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಹೋಗುತ್ತದೆ. ಇದ್ಯಾವ ಶಾಸ್ತ್ರ ಅಂತ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ತೊಂಬತ್ತರ ದಶಕದ ಕೊನೆ. ಶ್ರೀರಂಗಪಟ್ಟಣದ ನಮ್ಮ ಮನೆಗೆ ಕಂಪ್ಯೂಟರು ಬಂದಿತ್ತು. ಪಾಂಡವಪುರದ ಸೀರೆ ಅಂಗಡಿಯೊಂದಕ್ಕೆ ನಾನು ವೆಬ್‌ಸೈಟು ಮಾಡುತ್ತಿದ್ದೆ. ನಾನು ಬಳಿದ ನೀಲಿ ನೋಡಿ ಅಂಗಡಿ ಯಜಮಾನರು, "ನಮ್ದು ಪ್ಲಾಸ್ಟಿಕ್ ಬಕೆಟ್ ಅಂಗ್ಡಿ ಅಲ್ಲ ಕಣಪ್ಪ" ಅಂದುಬಿಟ್ಟರು. ಸುದ್ದಿ ತಿಳಿದ ಅತ್ತೆ ಮಾರನೇ ದಿನವೇ ಗಂಟಿನ ಸಮೇತ ಬಸ್ಸಿಳಿದರು. ಯಾವ ಗಂಟು? ಎರಡನೆಯದು!

"ಬಣ್ಣ ಬಟ್ಟೇಲೈತೆ ಕಣ್ಲಾ, ನಿನ್ ಡಬ್ಬದಲ್ಲಲ್ಲ. ಯಾವ್ದು ಬೇಕೋ ತಕೋ. ಆದ್ರೆ ನಂದೊಂದು ಬಣ್ಣ ಹಿಡ್ಕೊಡ್ಬೇಕು."

ಸೆರಗಿನ ತುದಿ ಬಿಚ್ಚಿ ಒಂದು ಬಿಳಚಿದ ಕೆಂಪು ಚೂರು ತೋರಿಸಿದರು. ಅತ್ತೆಯ ಒಬ್ಬಳೇ ಮಗಳು ಚಿಕ್ಕಂದಿನಲ್ಲೇ ಜ್ವರ ಬಂದು ಹೋಗಿದ್ದಳು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಉಳಿದಿದ್ದು ಅವಳ ಲಂಗದ ಈ ಚೂರು ಮಾತ್ರ. ಅದರ ಬಣ್ಣ ಹೋಗುತ್ತಿತ್ತು, ಅತ್ತೆಯ ಕಣ್ಣಿಗೆ ಪೊರೆ ಬರುತ್ತಿತ್ತು. "ಎರಡೂ ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ನೋಡ್ಬೇಕು ಕಣ್ಲಾ" ಅಂದರು.

ಮೊದಲು ಅಂಗಡಿಯ ಕೆಲಸ. ಅತ್ತೆ ಒಂದೊಂದೇ ಚೂರನ್ನು ಪರದೆಯ ಪಕ್ಕ ಹಿಡಿಯುವುದು, ನಾನು ಬಣ್ಣ ಹೊಂದಿಸುವುದು. "ಇವ್ಳು ನಾಗಮಂಗಲದೋಳು, ಬಾವಿಗೆ ಬಿದ್ಲು. ಮೆಲ್ಗೆ ಒತ್ತು, ಸದ್ದು ಆಗ್ತಿರ್ನಿಲ್ಲ ಅವ್ಳಿಗೆ." ನಾನು ಮೌಸನ್ನು ಬೆಕ್ಕಿನ ಮರಿ ಮುಟ್ಟಿದ ಹಾಗೆ ಮುಟ್ಟತೊಡಗಿದೆ! "ಆ ಹಳದಿ ಪಕ್ಕ ಈ ಹಸ್ರು ಆಕ್ಬೇಡ. ಓರಗಿತ್ತೀರು, ಮಾತಿರ್ನಿಲ್ಲ." ಹಠಕ್ಕೆ ಹಾಕಿ ನೋಡಿದೆ. ಎರಡೂ ಒಂದನ್ನೊಂದು ದುರುಗುಟ್ಟಿ ನೋಡುವ ಹಾಗಿತ್ತು. ತೆಪ್ಪಗೆ ಹಳದಿಯನ್ನು ಕೆಳಕ್ಕೆ ಇಳಿಸಿದೆ.

ಮುಗಿದ ಪುಟ ನೋಡಿದ ಯಜಮಾನರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಒಳಗೆ ಯಾರೋ ಹೆಂಗಸ್ರು ಕೂತಂಗೈತಲ್ಲಪ್ಪ?" ಅಂದರು. ನಾನು ಕುರ್ಚಿ ಹಿಂದಕ್ಕೆ ಸರಿಸಿಕೊಂಡೆ. "ಇರ್ಲಿ, ಲಕ್ಷಣವಾಗವ್ರೆ" ಎಂದು ಒಪ್ಪಿಕೊಂಡೂ ಬಿಟ್ಟರು!

ಆಮೇಲೆ ಅತ್ತೆಯ ಸರದಿ. ನಾನು ಹುಡುಕಿದ ಕೆಂಪು ಅವರಿಗೆ ಒಪ್ಪಿಗೆಯಾಗಲಿಲ್ಲ. "ಟ್ಯೂಬ್‌ಲೈಟ್‌ನಾಗೆ ಯಾರಾರ ಬಣ್ಣ ನೋಡ್ತಾರಾ? ಬಿಸ್ಲಿಗೆ ಹಿಡಿ." ಸೀರೆಯನ್ನು ಅಂಗಡಿ ಬಾಗಿಲಿಗೆ ತಂದು ನೋಡುವ ಹಾಗೆ ಕಂಪ್ಯೂಟರನ್ನೂ ತರಬೇಕಂತೆ! ಹೇಳಿದರೆ ಕೇಳುವವರೇ? ವೈರು ಎಳೆದು, ಏದುಸಿರು ಬಿಡುತ್ತಾ ಜಗುಲಿಗೆ ಹೊತ್ತು ತಂದೆ. ಬಿಸಿಲಿಗೆ ಬಣ್ಣವೆಲ್ಲ ಮಾಯ. ಕಪ್ಪು ಗಾಜಿನಲ್ಲಿ ನಮ್ಮಿಬ್ಬರ ಮುಖ ಮಾತ್ರ ಕಾಣುತ್ತಿತ್ತು.

"ನಿನ್ ಹಿಂದೆ ನಿಂತಿರೋಳು ಯಾರ್ಲಾ?" ಅಂದರು ಅತ್ತೆ.

ಗಕ್ಕನೆ ತಿರುಗಿದೆ. ತಂತಿಯ ಮೇಲೆ ಒಣಹಾಕಿದ ಸೀರೆ ಅಲ್ಲಾಡುತ್ತಿತ್ತು, ಅಷ್ಟೇ. ಅಷ್ಟೇ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಒಳಗೆ ತಂದು ಕಿಟಕಿ ಮುಚ್ಚಿದೆ. ಅತ್ತೆ ಬ್ಲೇಡು ಕೇಳಿ, ಚೂರಿನ ಅಂಚಿನ ಹೊಲಿಗೆ ಬಿಚ್ಚಿದರು. ಬೆಳಕೇ ಕಾಣದ ಮಡಿಕೆಯೊಳಗೆ ಹಳೆಯ ಬಣ್ಣ ಹಾಗೇ ಇತ್ತು: ಮಾವಿನ ಚಿಗುರಿನ ಕೆಂಪು! "ಇದೇಯ! ಇದೇಯ!" ಎಂದು ಕೂಗಿದರು. ನಾನು ಹೊಂದಿಸುತ್ತಾ ಹೋದೆ. "ಒಸಿ ಕೆಂಪು... ಇನ್ನೊಸಿ... ನಿಲ್ಸು."

ಪರದೆಯ ತುಂಬ ಆ ಬಣ್ಣ ಹರಡಿದೆ. ಅತ್ತೆ ಅಂಗೈಯನ್ನು ಗಾಜಿನ ಮೇಲಿಟ್ಟರು. ಅವರ ಕೈಯ ರೋಮವೆಲ್ಲ ನಿಮಿರಿ ನಿಂತಿತು. ಅದು ಪರದೆಯ ಕರೆಂಟಿನಿಂದ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

"ಕೊನೇ ಸಲ ಮುಟ್ದಾಗ ತಣ್ಣಗಾಗಿದ್ಲು ಕಣ್ಲಾ" ಅಂದರು ಅತ್ತೆ, ಕೈ ತೆಗೆಯದೆ. "ಈಗ ಬೆಚ್ಚಗವ್ಳೆ."