ಮಲಗಿದ ಬೆಟ್ಟ

ಗಂಡ: ತೆಗಿ ಆ ಚಿತ್ರಾನ ಗೋಡೆಯಿಂದ! ಈಗಲೇ ತೆಗಿ!

ಹೆಂಡತಿ: ಮೆಲ್ಲಗೆ ಮಾತಾಡ್ರೀ. ಪ್ರದರ್ಶನಕ್ಕೆ ಬಂದ ಜನ ನೋಡ್ತಿದಾರೆ.

ಗಂಡ: ಜನ ನೋಡ್ತಾರೆ ಅಂತಲೇ ಬಡ್ಕೊಳ್ತಿರೋದು! ಕಟ್ಟಿಕೊಂಡ ಗಂಡ ಬನಿಯನ್ನಲ್ಲಿ ಬಿದ್ದುಕೊಂಡಿರೋದನ್ನ ಊರಿಗೆಲ್ಲ ತೋರಿಸೋಕೆ ನಾಚಿಕೆ ಆಗಲ್ವೇನೇ?

ಹೆಂಡತಿ: ಬನಿಯನ್ ಎಲ್ಲಿದೆ? ಅದು ಹಿಮ. ಕೆಳಗೆ ಹೆಸರು ಓದಿ, 'ಮಲಗಿದ ಬೆಟ್ಟ'.

ಗಂಡ, ಅಂದರೆ ಹೆಡ್ ಕ್ಲರ್ಕ್ ಸಾಹೇಬರು, ಕನ್ನಡಕ ಏರಿಸಿ ಓದಿದರು. ಸಮಾಧಾನವಾಗಲಿಲ್ಲ. ಆ ಕಡೆ ಇನ್ಯಾರದೋ ಕಲಾಕೃತಿ, ಹಗ್ಗದಲ್ಲಿ ನೇತುಬಿಟ್ಟ ಮುರುಕು ಏಣಿ. ಈ ಕಡೆ ಹಳೇ ಚಪ್ಪಲಿಗಳ ರಾಶಿ, ಅದಕ್ಕೆ 'ನಾಗರಿಕತೆ' ಅಂತ ಹೆಸರು ಬೇರೆ. ಇವೆರಡರ ನಡುವೆ ಹೊಟ್ಟೆ ಮೇಲೆ ಮಾಡಿಕೊಂಡು, ಆಫೀಸನ್ನೇ ಗದರಿಸಿ ನಡುಗಿಸುವ ಸಾಹೇಬರು!

ಗಂಡ: ಆ ಹೊಟ್ಟೆ ನನ್ನದು ತಾನೇ?

ಹೆಂಡತಿ: ನಿಮ್ಮದೇ. ಆದ್ರೆ ಯಾರಿಗೂ ಗೊತ್ತಾಗಲ್ಲ. ಇಷ್ಟು ವರ್ಷದಲ್ಲಿ ನಂದು ಒಂದು ಚಿತ್ರವೂ ಮಾರಾಟ ಆಗಿಲ್ಲ. ಇವತ್ತಾದ್ರೂ ಆಗಲಿ ಅಂತ ಕಾಯ್ತಿದೀನಿ. ದಮ್ಮಯ್ಯ, ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ.

ಅಷ್ಟರಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರು ಬಂದು ಚಿತ್ರದ ಮುಂದೆ ನಿಂತರು. ಉದ್ದಕ್ಕೆ ಉಸಿರೆಳೆದುಕೊಂಡರು.

ಡಾಕ್ಟರಮ್ಮ: ಆಹಾ, ಏನು ಶಾಂತಿ! ನನ್ನ ಕ್ಲಿನಿಕ್ಕಿನ ಗೋಡೆಗೆ ಇದೇ ಬೇಕು. ಹಲ್ಲು ಕೀಳಿಸಿಕೊಳ್ಳೋರು ನೋವು ಮರೀತಾರೆ.

ಹೆಂಡತಿಗೆ ಕಣ್ಣು ತುಂಬಿ ಬಂತು. ಮಾರಾಟವಾದ ಚಿತ್ರಕ್ಕೆ ಅಂಟಿಸುವ ಕೆಂಪು ಚುಕ್ಕಿಯನ್ನು ಅಂಟಿಸಿಯೇಬಿಟ್ಟಳು. ತನ್ನ ಗುರುತು ಸಿಗಲಿಲ್ಲವಲ್ಲ ಅಂತ ಗಂಡನಿಗೂ ಜೀವ ಬಂದಂತಾಯಿತು. ಆದರೆ ಡಾಕ್ಟರಮ್ಮ ಬಾಯಿ ಮುಚ್ಚಬೇಕಲ್ಲ!

ಡಾಕ್ಟರಮ್ಮ: ಎಂಥ ಬೋಳು ಬೆಟ್ಟ! ತುದೀಲಿ ಒಂದು ಹುಲ್ಲುಕಡ್ಡಿ ಇಲ್ಲ.

ಗಂಡ: (ತಲೆ ಸವರಿಕೊಂಡು) ಪಕ್ಕದಲ್ಲಿ ಸ್ವಲ್ಪ ಇದೆಯಲ್ಲ ಮೇಡಂ.

ಡಾಕ್ಟರಮ್ಮ: ನೀರಿಲ್ಲ, ನೆರಳಿಲ್ಲ. ಯಾವ ಕೆಲಸಕ್ಕೂ ಬಾರದೆ ಸುಮ್ನೆ ಜಾಗ ಹಿಡ್ಕೊಂಡು ಬಿದ್ದಿದೆ.

ಗಂಡ: ಕೆಲಸಕ್ಕೆ ಬಾರದ್ದಾ? ವಾರವೆಲ್ಲ ಕತ್ತೆ ಥರ ದುಡಿದು ಒಂದು ಗಳಿಗೆ ಅಡ್ಡಾಗಬಾರದಾ?

ಡಾಕ್ಟರಮ್ಮ: ಯಾರು, ಬೆಟ್ಟಾನಾ?

ಹೆಂಡತಿ: (ಗಂಡನ ತೋಳು ಚಿವುಟಿ) ಇವರು ಭೂಗೋಳದಲ್ಲಿ ಸ್ವಲ್ಪ ಹಿಂದೆ, ಮೇಡಂ.

ಡಾಕ್ಟರಮ್ಮ: ಆ ಗುಹೆ ನೋಡಿ, ಹೇಗೆ ಬಾಯಿ ಬಿಟ್ಕೊಂಡಿದೆ! ಒಳಗಿನ ಕಲ್ಲೆಲ್ಲ ಹುಳುಕು.

ಗಂಡ: ಹುಳುಕಾ? ಈ ವಯಸ್ಸಿಗೂ ನನ್ನ ಒಂದು ಹಲ್ಲು ಹುಳುಕಾಗಿಲ್ಲ! ಅದು ಬೆಟ್ಟ ಅಲ್ಲ ಕಣ್ರೀ, ನಾನು! ಬೇಕಾದ್ರೆ ನೋಡಿ, ಆ...!

ಡಾಕ್ಟರಮ್ಮ ಅಭ್ಯಾಸದಂತೆ ಬಾಯೊಳಗೆ ಇಣುಕಿದರು. ಆಮೇಲೆ ಹೊಟ್ಟೆ ನೋಡಿದರು, ಚಿತ್ರ ನೋಡಿದರು. ಕೆಂಪು ಚುಕ್ಕಿಯನ್ನು ಉಗುರಿನಿಂದ ಕಿತ್ತು ಹೆಂಡತಿಯ ಕೈಗಿಟ್ಟರು. ಪಾಪ, ಅವಳ ಮುಖ ಬಾಡಿಹೋಯಿತು.

ಡಾಕ್ಟರಮ್ಮ: ಬೇಜಾರು ಮಾಡ್ಕೋಬೇಡಿ ಕಣಮ್ಮ. ಇಂಥದ್ದು ಒಂದು ನಮ್ಮನೇಲೂ ಬಿದ್ದಿದೆ. ಅದು ಕಣ್ಣಿಗೆ ಬೀಳದೆ ಇರಲಿ ಅಂತಲೇ ನಾನು ರಜಾದಿನವೂ ಕ್ಲಿನಿಕ್ಕು ತೆಗೆಯೋದು.